ಎಲ್ಕ್ ಬೇಟೆಗೆ ಯಾವ ರೈಫಲ್? ಭುಜವನ್ನೂ ಒಂದು ಮಾತು ಕೇಳಿ

“ಅಣ್ಣಾ, ಗಂಡು ಎಲ್ಕ್ ಅಂದ್ರೆ ಮುನ್ನೂರು ಕೆಜಿ ತೂಗೋ ಜಿಂಕೆ. ದೊಡ್ಡ ರೈಫಲ್ಲೇ ಬೇಕಲ್ವಾ?”

ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಾಸನದ ಹುಡುಗ. ಕೈಯಲ್ಲಿ .300 ವಿಂಚೆಸ್ಟರ್ ಮ್ಯಾಗ್ನಂ, ಮದ್ದು ಜಾಸ್ತಿ ಹಿಡಿಯುವ ತೋಟೆಯ ರೈಫಲ್. ಕೊಲೊರಾಡೊದಲ್ಲಿ ಬಂದೂಕಿನ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಹದಿನಾಲ್ಕು ವರ್ಷ. ಮೊದಲ ಸಲ ಎಲ್ಕ್ ಬೇಟೆಗೆ ಹೊರಟವರು ಹೆಚ್ಚಾಗಿ ಇದನ್ನೇ ಕೇಳುತ್ತಾರೆ.

ಇಲ್ಲಿನ ಕಾನೂನು ಎಲ್ಕ್‌ಗೆ ಕೇಳುವುದು ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ದಪ್ಪ), 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ ಗುಂಡು, ನೂರು ಗಜದ ದೂರದಲ್ಲಿ 1,000 ಅಡಿ-ಪೌಂಡ್ ಶಕ್ತಿ. ಅಂದರೆ .243ರಂಥ ಸಣ್ಣ ರೈಫಲ್ ಕೂಡ ಪಾಸು. ನಾನು ಅಷ್ಟು ಕೆಳಗೆ ಹೋಗಿ ಅನ್ನುವುದಿಲ್ಲ. ಭುಜದ ಮೂಳೆ ಅಡ್ಡ ಬಂದರೆ ಅದನ್ನು ದಾಟಿ ಶ್ವಾಸಕೋಶ ಮುಟ್ಟಲು ಗುಂಡಿಗೆ ಸ್ವಲ್ಪ ಭಾರ ಬೇಕು. ಹಾಗಂತ ಮ್ಯಾಗ್ನಂ ಇಲ್ಲದೆ ಆಗುವುದಿಲ್ಲ ಅನ್ನುವುದೂ ಸುಳ್ಳು.

ಹುಡುಗನನ್ನು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದೆ. ನನ್ನದೇ ಒಂದು .300 ಕೊಟ್ಟೆ. ಮೂರು ತೋಟೆ ಹೊಡೆದ. ನಾಲ್ಕನೆಯದಾಗಿ ಅವನಿಗೆ ಗೊತ್ತಾಗದಂತೆ ಡಮ್ಮಿ ಹಾಕಿದ್ದೆ, ಮದ್ದಿಲ್ಲದ್ದು. ಟ್ರಿಗರ್ ಎಳೆದ. ಟಿಕ್ ಅಂತ ಸದ್ದು ಬಂತು, ಅಷ್ಟೇ. ಆದರೆ ನಳಿಗೆಯ ತುದಿ ಎರಡು ಬೆರಳಿನಷ್ಟು ಕೆಳಗೆ ಕುಕ್ಕಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಗುಂಡು ಹಾರುವಾಗ ರೈಫಲ್ ಭುಜಕ್ಕೆ ಕೊಡುವ ಒದೆ ಬೀಳುವ ಮೊದಲೇ ಮೈ ಹೆದರಿಬಿಟ್ಟಿದೆ! ಅವನಿಗೇ ನಗು ಬಂತು. ಕಾಡಿನಲ್ಲಿ ಹೀಗಾದರೆ ನಗು ಬರುವುದಿಲ್ಲ. ಗುಂಡು ಕಾಲಿಗೋ ಹೊಟ್ಟೆಗೋ ಬೀಳುತ್ತದೆ. ಪ್ರಾಣಿ ಓಡಿಹೋಗಿ ಎಲ್ಲೋ ನರಳುತ್ತಾ ಸಾಯುತ್ತದೆ.

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಒದೆತಕ್ಕೆ ಹೆದರಿದವನು ಕಾಯಿ ಬಿಟ್ಟು ಕೊಂಬೆ ಹಾರಿಸುತ್ತಾನೆ. (1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ನಮ್ಮ ಶೌರ್ಯವೆಲ್ಲ ತೆಂಗಿನಕಾಯಿಯ ಮೇಲೇ.)

ಎಂಟು ಪೌಂಡ್ ತೂಕದ ರೈಫಲ್‌ನಲ್ಲಿ .30-06 ತೋಟೆ ಒದೆಯುವುದು ಸುಮಾರು 20 ಅಡಿ-ಪೌಂಡ್. .300 ಮ್ಯಾಗ್ನಂ 25ಕ್ಕೂ ಜಾಸ್ತಿ. 6.5 ಕ್ರೀಡ್‌ಮೂರ್ ಅನ್ನುವ ಸಣ್ಣ ತೋಟೆ 13ರ ಆಸುಪಾಸು. ಅಂಕಿಯಲ್ಲಿ ಸಣ್ಣ ವ್ಯತ್ಯಾಸ ಅನಿಸಬಹುದು, ಭುಜಕ್ಕೆ ಹಾಗಲ್ಲ. .30-06 ಹೆಸರಲ್ಲಿರುವ 06 ಅಂದರೆ 1906, ಅಮೆರಿಕದ ಸೇನೆಗೆ ಅದು ಬಂದ ವರ್ಷ. ಅದರ ತಮ್ಮನಂಥ .308 ವಿಂಚೆಸ್ಟರ್ 1952ರದ್ದು. ಎರಡರ ಗುಂಡೂ ಒಂದೇ ದಪ್ಪ, 0.308 ಇಂಚು. ಮದ್ದು ತುಂಬುವ ಕೇಸು ಮಾತ್ರ .30-06ರದ್ದು 63 ಮಿಲಿಮೀಟರ್ ಉದ್ದ, .308ರದ್ದು 51. ಉದ್ದ ಕೇಸಿನಲ್ಲಿ ಮದ್ದು ಜಾಸ್ತಿ ಹಿಡಿಯುತ್ತದೆ. 180 ಗ್ರೇನ್ ಗುಂಡು .30-06ನಿಂದ ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. ಮುನ್ನೂರು ಗಜದೊಳಗೆ ಎಲ್ಕ್‌ಗೆ ಅದು ಧಾರಾಳ. ಅದಕ್ಕಿಂತ ದೂರ ಹೊಡೆಯುತ್ತೇನೆ ಅನ್ನುವ ಹೊಸಬರಿಗೆ ನಾನು ರೈಫಲ್ ಅಲ್ಲ, ಇನ್ನೂರು ಹೆಜ್ಜೆ ಹತ್ತಿರ ಹೋಗುವುದನ್ನು ಮಾರುತ್ತೇನೆ.

ಆಫ್ರಿಕಾದ ಕಾಡೆಮ್ಮೆಯ ಲೆಕ್ಕ ಬೇರೆ. ಅಲ್ಲಿ ಎಷ್ಟೋ ದೇಶಗಳಲ್ಲಿ .375 ಕ್ಯಾಲಿಬರ್‌ಗಿಂತ ಕೆಳಗೆ ಕಾನೂನೇ ಬಿಡುವುದಿಲ್ಲ.

ಜನ ಕ್ಯಾಲಿಬರ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಗುಂಡಿನ ಪೆಟ್ಟಿಗೆ ಮಾತ್ರ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ತೆಳು ಹೊದಿಕೆಯ ಸೀಸದ ಗುಂಡು ಮೂಳೆಗೆ ತಾಗಿದರೆ ಚೂರಾಗಬಹುದು. ಎಷ್ಟು ದೊಡ್ಡ ಮ್ಯಾಗ್ನಂ ಆದರೂ ಚೂರು ಚೂರೇ. ಹೊದಿಕೆ ಮತ್ತು ಸೀಸ ಬೆಸೆದುಕೊಂಡಿರುವ ಬಾಂಡೆಡ್ ಗುಂಡು, ಇಲ್ಲವೇ ಪೂರ್ತಿ ತಾಮ್ರದ್ದು ತೆಗೆದುಕೊಳ್ಳಿ. ತಾಮ್ರದ್ದಾದರೆ ಮಾಂಸದಲ್ಲಿ ಸೀಸ ಉಳಿಯುವ ಚಿಂತೆಯೂ ಇಲ್ಲ. ಮನೆಯಲ್ಲಿ ಮಕ್ಕಳು ತಿನ್ನುವ ಸಾರು ಅದು.

ಹುಡುಗ .30-06 ತಗೊಂಡ. ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ರೇಂಜ್‌ಗೆ ಬಂದ. ಮೊದಲು ಬೆಂಚ್ ಮೇಲೆ, ಆಮೇಲೆ ಕೂತು, ಮೊಣಕಾಲೂರಿ. ನಡುವೆ ಆಗಾಗ ನನ್ನ ಡಮ್ಮಿ. ಕೊನೆಯ ಶನಿವಾರ ಟಿಕ್ ಅಂದಾಗ ನಳಿಗೆ ಅಲುಗಲಿಲ್ಲ.

ಹೊರಡುವಾಗ ಒಂದೇ ಮಾತು ಹೇಳಿದೆ: ಗುರಿ ಹೊಂದಿಸಿದ್ದು ಯಾವ ತೋಟೆಯಲ್ಲೋ ಅದೇ ತೋಟೆ ಎರಡು ಪೆಟ್ಟಿಗೆ ಇಟ್ಟುಕೊಳ್ಳಿ. ಮರೆತರೆ ದಾರಿಯ ಪುಟ್ಟ ಊರಲ್ಲೂ .30-06 ಸಿಕ್ಕೀತು. ಆದರೆ ಬೇರೆ ಗುಂಡು ಬೇರೆ ಕಡೆ ಬೀಳುತ್ತದೆ, ಮತ್ತೆ ಮೂರು ಹೊಡೆದು ಸ್ಕೋಪ್ ಸರಿ ಮಾಡದೆ ಗುಡ್ಡ ಹತ್ತಬೇಡಿ.