ಫೀಲ್ಡ್ ಸ್ಟೇಷನ್: ಕಿತ್ತುಕೊಂಡು ಹೋಗದ ಬಿಡಾರ

ಸ್ಟೇಷನ್ ಅಂದ ತಕ್ಷಣ ನಮಗೆ ನೆನಪಾಗೋದು ಪೊಲೀಸು, ಇಲ್ಲವೇ ರೈಲು. ಹಾಗಾಗಿ ‘ಫೀಲ್ಡ್ ಸ್ಟೇಷನ್’ ಅಂತ ಓದಿದಾಗ ಕಾಡಿನ ನಡುವೆ ಒಂದು ಕಟ್ಟಡ, ಗೇಟು, ಬೋರ್ಡು ಕಣ್ಣಿಗೆ ಬರುತ್ತದೆ. ‘ಕ್ಷೇತ್ರ ಸಂಶೋಧನಾ ಕೇಂದ್ರ’ ಅಂತ ಅನುವಾದ ಮಾಡಿದರಂತೂ ಮುಗೀತು, ಈಗಷ್ಟೇ ರಿಬ್ಬನ್ ಕತ್ತರಿಸಿದ ಹಾಗೆ ಕೇಳಿಸುತ್ತದೆ. ನನ್ನ ಕೇಳಿದರೆ ‘ಬಿಡಾರ’ ಅನ್ನೋದೇ ಹತ್ತಿರದ ಮಾತು. ಆದರೆ ಇದು ಕಿತ್ತುಕೊಂಡು ಹೋಗದ ಬಿಡಾರ, ಅಂದರೆ ಸಂಶೋಧಕರು ಕಾಡಿನಲ್ಲೇ ಉಳಿದು ವರ್ಷಗಟ್ಟಲೆ ಪ್ರಾಣಿಗಳನ್ನು ನೋಡಿ ಬರೆದಿಡೋ ಜಾಗ.

ಶುರುವಾಗಿದ್ದೂ ಹಾಗೇ. ಚಿಂಪಾಂಜಿಗಳನ್ನು ಅಭ್ಯಾಸ ಮಾಡಿದ ಜೇನ್ ಗುಡಾಲ್ 1960ರ ಜುಲೈನಲ್ಲಿ ಈಗಿನ ಟಾಂಜಾನಿಯಾದ ಟಾಂಗನ್ಯೀಕಾ ಸರೋವರದ ದಡದ ಗೊಂಬೆಗೆ (ಹೌದು, ಜಾಗದ ಹೆಸರೇ ಗೊಂಬೆ) ಹೋದಾಗ ಇದ್ದದ್ದು ಡೇರೆ. ಗೊರಿಲ್ಲಾಗಳನ್ನು ಅಭ್ಯಾಸ ಮಾಡಿದ ಡಯಾನ್ ಫಾಸಿ 1967ರಲ್ಲಿ ರುವಾಂಡಾದ ಬೆಟ್ಟದ ಕಾಡಿನಲ್ಲಿ ಹೂಡಿದ್ದೂ ಡೇರೆಯೇ. ಕರಿಸಿಂಬಿ, ವಿಸೋಕೆ ಅನ್ನೋ ಎರಡು ಬೆಟ್ಟಗಳ ಹೆಸರನ್ನು ಕೂಡಿಸಿ ಆಕೆ ಅದನ್ನು ‘ಕರಿಸೋಕೆ’ ಅಂತ ಕರೆದರು. ಇವಕ್ಕಿಂತ ಹಳೆಯದು ಪನಾಮಾದ ಬಾರೋ ಕೊಲೊರಾಡೋ, 1923ರದು. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ನೀರು ಏರಿ, ಒಂದು ಗುಡ್ಡದ ನೆತ್ತಿ ಮಾತ್ರ ಮುಳುಗದೆ ದ್ವೀಪವಾಗಿ ಉಳಿಯಿತು. ಅಲ್ಲಿನ ಹೌಲರ್ ಮಂಗಗಳ ಬಗ್ಗೆ 1930ರ ದಶಕದಿಂದಲೇ ಬರೆದಿಟ್ಟಿದ್ದಾರೆ.

ಸರಿ, ಇಂಥ ಬಿಡಾರದಲ್ಲಿ ದಿನವಿಡೀ ಮಾಡೋದೇನು? ಬೆಳಕು ಹರಿಯೋ ಮುಂಚೆಯೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡೋದು. ಒರಾಂಗುಟಾನ್ ಆಗಲಿ, ಚಿಂಪಾಂಜಿ ಆಗಲಿ, ಸಾಮಾನ್ಯವಾಗಿ ದಿನಾ ಸಂಜೆ ಮರದ ಮೇಲೆ ಕೊಂಬೆ ಬಗ್ಗಿಸಿ ಹೊಸ ಗೂಡು ಮಾಡಿಕೊಂಡು ಮಲಗುತ್ತದೆ. ಅದು ಏಳುವ ಹೊತ್ತಿಗೆ ನೀವು ಕೆಳಗಿರಬೇಕು. ಎದ್ದ ಕೂಡಲೇ ಅದು ಗೂಡಿನ ಅಂಚಿಗೆ ಬಂದು ಉಚ್ಚೆ ಹೊಯ್ಯುತ್ತದೆ. ಕೆಳಗಿದ್ದವರು ಪ್ಲಾಸ್ಟಿಕ್ ಹಾಳೆ ಹಿಡಿದು ಕಾಯುತ್ತಿರುತ್ತಾರೆ, ಇಲ್ಲವೇ ಎಲೆ ಮೇಲೆ ಬಿದ್ದ ಹನಿಗಳನ್ನು ಪುಟ್ಟ ಪಿಪೆಟ್‌ನಲ್ಲಿ ಎಳೆದುಕೊಳ್ಳುತ್ತಾರೆ. ಒಂದೆರಡು ಹನಿ ತಲೆ ಮೇಲೂ ಬೀಳಬಹುದು, ಅದೂ ಕೆಲಸದ ಭಾಗವೇ. ಪ್ರಾಣಿಯನ್ನು ಮುಟ್ಟದೆ, ಸೂಜಿ ಚುಚ್ಚದೆ, ಅದು ಬಸಿರೋ, ಹೊಟ್ಟೆಗಿಲ್ಲದೆ ಸೊರಗಿದೆಯೋ ಅಂತ ಆ ಹನಿಗಳಿಂದಲೇ ತಿಳಿಯುತ್ತದೆ. ಆಮೇಲೆ ಸಂಜೆ ಅದು ಇನ್ನೊಂದು ಗೂಡು ಕಟ್ಟುವವರೆಗೆ ಹಿಂದೆ ಹಿಂದೆಯೇ ಹೋಗಿ, ಗಡಿಯಾರ ನೋಡಿಕೊಂಡು, ಕೆಲವು ನಿಮಿಷಕ್ಕೊಮ್ಮೆ ಏನು ಮಾಡ್ತಿದೆ, ಏನು ತಿಂತಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ಬರೆಯೋದು. ಇದರ ಜೊತೆಗೆ ನಂಬರ್ ಹಾಕಿದ ಮರಗಳನ್ನು ತಿಂಗಳಿಗೊಮ್ಮೆ ಸುತ್ತಿ, ಯಾವುದು ಚಿಗುರಿದೆ, ಯಾವುದರಲ್ಲಿ ಹಣ್ಣಿದೆ ಅಂತ ಕತ್ತು ನೋಯುವಷ್ಟು ಮೇಲೆ ನೋಡೋದು.

ಅದಕ್ಕೂ ಮೊದಲಿನ ಕೆಲಸ ಒಂದಿದೆ. ಅದಕ್ಕೆ ‘ಹ್ಯಾಬಿಚುಯೇಷನ್’ ಅನ್ನುತ್ತಾರೆ, ಅಂದರೆ ಮನುಷ್ಯರನ್ನು ಕಂಡರೆ ಓಡದ ಹಾಗೆ ಪ್ರಾಣಿಗಳಿಗೆ ರೂಢಿ ಮಾಡಿಸೋದು. ಪಳಗಿಸೋದು ಬೇರೆ, ಇದು ಬೇರೆ. ಇಲ್ಲಿ ತಿನ್ನೋಕೆ ಕೊಡಬಾರದು. ಗೊಂಬೆಯಲ್ಲಿ ಶುರುವಿನ ವರ್ಷಗಳಲ್ಲಿ ಬಾಳೆಹಣ್ಣು ಕೊಟ್ಟು ನೋಡಿದರು, ಚಿಂಪಾಂಜಿಗಳ ನಡುವೆ ಜಗಳ ಜಾಸ್ತಿಯಾಯಿತು, ಕೊನೆಗೆ ನಿಲ್ಲಿಸಿದರು. ಸುಮ್ನೆ ದಿನಾ ಹೋಗಿ, ದೂರ ನಿಂತು, ‘ಇವರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ’ ಅಂತ ಅವಕ್ಕೆ ಅನ್ನಿಸುವ ತನಕ ಕಾಯಬೇಕು. ಕಾಡು ಚಿಂಪಾಂಜಿಗಳಿಗೆ ಇದಕ್ಕೆ ವರ್ಷಗಳೇ ಬೇಕು.

ಇಲ್ಲೇ ತೊಡಕು ಇರೋದು. ಹತ್ತಿರ ಹೋದರೆ ನಮ್ಮ ನೆಗಡಿಯೂ ಹೋಗುತ್ತದೆ. ಐವರಿ ಕೋಸ್ಟ್‌ನ ‘ತಾಯಿ’ (Taï, ಇದೂ ಜಾಗದ ಹೆಸರೇ) ಕಾಡಿನಲ್ಲಿ ಚಿಂಪಾಂಜಿಗಳು ಉಸಿರಾಟದ ಕಾಯಿಲೆಯಿಂದ ಸತ್ತಾಗ ಪರೀಕ್ಷೆ ಮಾಡಿ ನೋಡಿದರೆ, ಸಿಕ್ಕಿದ್ದು ಮನುಷ್ಯರ ವೈರಸ್. ಹಾಗಾಗಿಯೇ ಈಗ ಮಾಸ್ಕ್, 7ರಿಂದ 10 ಮೀಟರ್ ದೂರ, ಹೊರಗಿನಿಂದ ಬಂದವರಿಗೆ ಕೆಲವು ದಿನ ಪ್ರತ್ಯೇಕ ವಾಸ, ಕೆಮ್ಮು ಬಂದರೆ ಕಾಡಿಗೆ ಕಾಲಿಡುವ ಹಾಗಿಲ್ಲ ಅನ್ನೋ ನಿಯಮಗಳು.

ಆದರೆ ಅದೇ ತಾಯಿ ಕಾಡಿನಲ್ಲಿ ಇನ್ನೊಂದು ಸಂಗತಿಯೂ ಕಂಡಿದೆ. ಸಂಶೋಧಕರು ಓಡಾಡುವ ಜಾಗದ ಸುತ್ತ ಬೇಟೆ ಕಡಿಮೆ, ಮಂಗಗಳು ಜಾಸ್ತಿ. ಬಂದೂಕು ಹಿಡಿದ ಕಾವಲು ಇರಲೇಬೇಕು ಅಂತಿಲ್ಲ, ನೋಟ್‌ಬುಕ್ ಹಿಡಿದವರು ದಿನಾ ನಡೆದರೂ ಬೇಟೆಗಾರ ಬೇರೆ ದಾರಿ ಹಿಡಿಯುತ್ತಾನೆ. ಉಗಾಂಡಾದ ಕಿಬಾಲೆಯಲ್ಲಿ ಕಾಡುಹಂದಿಗೆ, ಸಣ್ಣ ಜಿಂಕೆಗೆ ಅಂತ ಒಡ್ಡಿದ ತಂತಿ ಉರುಲಿಗೆ ಚಿಂಪಾಂಜಿಗಳ ಕೈ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಉರುಲು ಹುಡುಕಿ ಕೀಳೋದಕ್ಕೆಂದೇ ತಂಡಗಳಿವೆ.

ನಡೆಸೋದರ ಕಷ್ಟ ಕಾಡಿಗಿಂತ ಲೆಕ್ಕದ ಪುಸ್ತಕದಲ್ಲಿ ಜಾಸ್ತಿ. ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಸೋಲಾರ್ ಪ್ಯಾನೆಲ್‌ಗೆ ಬಿಸಿಲೇ ಬೀಳುವುದಿಲ್ಲ, ಇದೆಲ್ಲ ಹೇಗೋ ಆಗುತ್ತದೆ. ಆಗದೇ ಇರೋದು ಅನುದಾನದ ಅವಧಿ. ಸಾಮಾನ್ಯವಾಗಿ ಹಣ ಸಿಗೋದು ಎರಡು ಮೂರು ವರ್ಷಕ್ಕೆ. ಹೆಣ್ಣು ಒರಾಂಗುಟಾನ್ ಒಂದು ಮರಿಯ ನಂತರ ಇನ್ನೊಂದು ಮರಿ ಹಾಕೋಕೆ ಸುಮಾರು 7–8 ವರ್ಷ ತೆಗೆದುಕೊಳ್ಳುತ್ತದೆ. ಅಂದರೆ ಒಂದು ಅನುದಾನ ಮುಗಿಯುವಷ್ಟರಲ್ಲಿ ಒಂದು ಹೆಣ್ಣಿನ ಒಂದು ಬಾಣಂತನವೂ ಕಾಣದೇ ಹೋಗಬಹುದು, ಅಲ್ವಾ?

ನಡುವೆ ನಿಲ್ಲಿಸೋ ಹಾಗೂ ಇಲ್ಲ. ದಾಖಲೆ ಹರಿದುಹೋಗುತ್ತದೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಮನುಷ್ಯರಿಗೆ ಹೆದರಬೇಡಿ ಅಂತ ವರ್ಷಗಟ್ಟಲೆ ಕಲಿಸಿದ ಪ್ರಾಣಿಗಳು ಬೇಟೆಗಾರನಿಗೂ ಹೆದರುವುದಿಲ್ಲ. ಹಾಗಾಗಿ ಈ ಬಿಡಾರಗಳು ನಿಂತಿರೋದು ಹೆಚ್ಚಾಗಿ ಅಲ್ಲೇ ಹುಟ್ಟಿ ಬೆಳೆದ ಕೆಲಸಗಾರರ ಮೇಲೆ. 1975ರಲ್ಲಿ ಗೊಂಬೆಯಿಂದ ನಾಲ್ವರನ್ನು ಬಂಡುಕೋರರು ಅಪಹರಿಸಿದರು. ನಾಲ್ವರೂ ಬಿಡುಗಡೆಯಾಗಿ ಬಂದರೂ ವಿದೇಶಿ ವಿದ್ಯಾರ್ಥಿಗಳು ಅಲ್ಲಿ ಉಳಿಯುವ ಹಾಗಿರಲಿಲ್ಲ. ಆಗ ಟಾಂಜಾನಿಯಾದ ಕೆಲಸಗಾರರೇ ಚಿಂಪಾಂಜಿಗಳ ಹಿಂದೆ ಹೋಗಿ ಬರೆಯುತ್ತಾ ಹೋದರು. ಅವತ್ತಿನ ದಾಖಲೆಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತಿವೆ.