ನಾಳೆಗೆ ಎಷ್ಟು ಖಾರಾ ಬನ್?

ಬೇಕರಿಯವರು, ಹೂವು ಮಾರುವವರು, ಮೆಸ್ ನಡೆಸುವವರು, ಪೇಪರ್ ಏಜೆಂಟರು, ಇವರೆಲ್ಲ ದಿನಾ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ನಾಳೆಗೆ ಎಷ್ಟು? ಜಾಸ್ತಿ ಆದರೆ ಉಳಿದು ಹಾಳಾಗುತ್ತದೆ. ಕಮ್ಮಿ ಆದರೆ ಗಿರಾಕಿ ಬರಿಗೈಲಿ ವಾಪಸ್ ಹೋಗುತ್ತಾರೆ. ಹೆಚ್ಚಿನವರು ಇದನ್ನು ಅಂದಾಜಿನ ಮೇಲೆ ಬಗೆಹರಿಸಿಕೊಳ್ಳುತ್ತಾರೆ. ಪುಸ್ತಕ ಇಟ್ಟು ಬರೆಯುವವರು ಹೋದ ತಿಂಗಳ ಸರಾಸರಿ ತೆಗೆದು ಅಷ್ಟೇ ಮಾಡುತ್ತಾರೆ. ಸರಾಸರಿ ಅಂದರೆ ಯಾವ ಕಡೆಗೂ ವಾಲದ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ಆದರೆ ಲಾಭದ ದೃಷ್ಟಿಯಿಂದ ನೋಡಿದರೆ ಸರಾಸರಿಯೇ ಸರಿಯಾದ ಉತ್ತರ ಆಗುವುದು ಅಪರೂಪ.

ಯಾಕೆ ಅಂತ ತಿಳಿಯಲು ಒಂದು ಬೇಕರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಖಾರಾ ಬನ್‌ಗೆ ದಿನಾ ಗಿರಾಕಿ ಒಂದೇ ಸಮ ಇರುವುದಿಲ್ಲ. ಒಂದು ದಿನ 40 ಬನ್ ಕೇಳುತ್ತಾರೆ, ಇನ್ನೊಂದು ದಿನ 50, ಮತ್ತೊಂದು ದಿನ 60, 70 ಅಥವಾ 80. ಐದೂ ಸಮನಾಗಿ ಬರುತ್ತವೆ, ಅಂದರೆ ಸರಾಸರಿ 60. ಒಂದು ಬನ್ ಮಾರುವುದು 20 ರೂಪಾಯಿಗೆ. ಮೈದಾ, ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲ ಸೇರಿ ಅಸಲು 5 ರೂಪಾಯಿ. ಬಾಡಿಗೆ, ಸಂಬಳ ಇದರಲ್ಲಿ ಸೇರಿಸಿಲ್ಲ. ಯಾಕಂದರೆ 60 ಮಾಡಿದರೂ 70 ಮಾಡಿದರೂ ಅವು ಬದಲಾಗುವುದಿಲ್ಲ. ರಾತ್ರಿ ಉಳಿದದ್ದನ್ನು ಎಸೆಯಬೇಕು ಅಂತಲೂ ಇಟ್ಟುಕೊಳ್ಳೋಣ.

ದಿನಾ 60 ಮಾಡಿದರೆ ಏನಾಗುತ್ತದೆ? ಐದು ದಿನಗಳಲ್ಲಿ 40, 50, 60, 60, 60 ಮಾರಾಟ. ದಿನಕ್ಕೆ ಸರಾಸರಿ 54. ಬಂದ ಹಣ 1080, ಅಸಲು 300, ಕೈಗೆ ಸಿಕ್ಕಿದ್ದು 780. ಈಗ 70 ಮಾಡೋಣ. ಮಾರಾಟ 40, 50, 60, 70, 70. ಸರಾಸರಿ 58. ಬಂದದ್ದು 1160, ಅಸಲು 350, ಉಳಿದದ್ದು 810. ಸರಾಸರಿಗಿಂತ ಹತ್ತು ಜಾಸ್ತಿ ಮಾಡಿದ್ದಕ್ಕೆ, ಎಸೆಯುವ ಬನ್ ಹೆಚ್ಚಾದರೂ, ದಿನಕ್ಕೆ 30 ರೂಪಾಯಿ ಹೆಚ್ಚು ಗಿಟ್ಟಿತು. 80ಕ್ಕೆ ಹೋದರೆ 800ಕ್ಕೆ ಇಳಿಯುತ್ತದೆ.

ಅದೇ ಬೇಕರಿಯಲ್ಲಿ ಪನೀರ್ ಪಫ್ಸ್ ಕೂಡ ಇದೆ. ಗಿರಾಕಿಗಳ ಲೆಕ್ಕ ಹಾಗೇ, 40ರಿಂದ 80. ಆದರೆ ಮಾರುವ ಬೆಲೆ 40, ಅಸಲು 28. ಇಲ್ಲಿ 60 ಮಾಡಿದರೆ ದಿನಕ್ಕೆ 480 ಸಿಗುತ್ತದೆ. 50 ಮಾಡಿದರೆ 520! ಜನ ಕೇಳುವುದು ಅಷ್ಟೇ, ಸರಾಸರಿ ಅದೇ 60. ಆದರೂ ಒಂದನ್ನು 70 ಮಾಡಬೇಕು, ಇನ್ನೊಂದನ್ನು 50. ಈ ಎರಡು ತಿಂಡಿಗಳಿಂದಲೇ ತಿಂಗಳಿಗೆ 2100 ರೂಪಾಯಿ ವ್ಯತ್ಯಾಸ. ಹೊಸ ಓವನ್ ಬೇಕಿಲ್ಲ, ಹೊಸ ಗಿರಾಕಿ ಬೇಕಿಲ್ಲ.

ಒಳಗಿನ ತರ್ಕ ನೋಡಬೇಕಾದರೆ ಇಡೀ ಟ್ರೇ ಬಿಟ್ಟು ಒಂದೇ ಒಂದು ಬನ್ ಹಿಡಿದುಕೊಳ್ಳಿ. ಅರವತ್ತು ಆಗಿದೆ, ಅರವತ್ತೊಂದನೆಯದು ಮಾಡಬೇಕಾ? ಅದು ಮಾರಾಟವಾಗುವುದು 70 ಅಥವಾ 80 ಗಿರಾಕಿ ಬರುವ ದಿನ ಮಾತ್ರ, ಅಂದರೆ ಐದರಲ್ಲಿ ಎರಡು ದಿನ. ಆ ದಿನಗಳಲ್ಲಿ 15 ರೂಪಾಯಿ ಲಾಭ, ಒಟ್ಟು 30. ಉಳಿದ ಮೂರು ದಿನ 5 ರೂಪಾಯಿ ನಷ್ಟ, ಒಟ್ಟು 15. ಹಾಗಾದರೆ ಮಾಡಬೇಕು. ಎಪ್ಪತ್ತೊಂದನೆಯ ಬನ್? ಐದರಲ್ಲಿ ಒಂದೇ ದಿನ ಹೋಗುತ್ತದೆ. ಲಾಭ 15, ನಷ್ಟ 20. ಬೇಡ. ಇನ್ನು ಐವತ್ತೊಂದನೆಯ ಪನೀರ್ ಪಫ್ಸ್ ನೋಡಿ. ಮೂರು ದಿನ 12ರಂತೆ 36 ಬರುತ್ತದೆ, ಎರಡು ದಿನ 28ರಂತೆ 56 ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ದಿನ ಮಾರಾಟವಾಗುವ ಪಫ್ಸ್ ಕೂಡ ನಷ್ಟದ್ದೇ. ಅಂದಾಜಿಗೆ ಸುಲಭವಾಗಿ ಸಿಗದ ಸಂಗತಿ ಇದು.

ಇದನ್ನೇ ಸೂತ್ರ ಮಾಡಿದರೆ ಹೀಗೆ. ಒಂದು ಕಮ್ಮಿ ಬಿದ್ದರೆ ಎಷ್ಟು ನಷ್ಟ, ಒಂದು ಉಳಿದರೆ ಎಷ್ಟು ನಷ್ಟ, ಎರಡನ್ನೂ ಬರೆದುಕೊಳ್ಳಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ. ಖಾರಾ ಬನ್‌ಗೆ 15ನ್ನು 20ರಿಂದ ಭಾಗಿಸಿದರೆ 75 ಶೇಕಡಾ. ಪನೀರ್ ಪಫ್ಸ್‌ಗೆ 12ನ್ನು 40ರಿಂದ ಭಾಗಿಸಿದರೆ 30 ಶೇಕಡಾ. ನೂರು ದಿನಗಳಲ್ಲಿ ಅಷ್ಟು ದಿನಕ್ಕಾದರೂ ಮಾಲು ಸಾಲುವ ಹಾಗೆ ಮಾಡಿಟ್ಟರೆ ಆಯಿತು. ಸರಾಸರಿ ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಉಳಿದ ಮಾಲಿಗೆ ಏನಾದರೂ ಬೆಲೆ ಸಿಗುವುದಾದರೆ ಲೆಕ್ಕ ಮೇಲಕ್ಕೆ ಹೋಗುತ್ತದೆ. ಉಳಿದ ಬ್ರೆಡ್ ರಸ್ಕ್ ಆಗಬಹುದು. ಹೆಚ್ಚಾದ ಹಾಲನ್ನು ಕೆಎಂಎಫ್ ಪುಡಿ ಮಾಡಿಸುತ್ತದೆ. ಹಾಗೆ ಮಾಡುವ ದಾರಿ ಇಲ್ಲದವರಿಗಿಂತ ಇವರು ಧೈರ್ಯವಾಗಿ ಜಾಸ್ತಿ ಇಟ್ಟುಕೊಳ್ಳಬಹುದು.

ಈ ಲೆಕ್ಕ ಮೊದಲು ಹುಟ್ಟಿದ್ದು ತಿಂಡಿಗಾಗಿ ಅಲ್ಲ, ಬ್ಯಾಂಕಿಗಾಗಿ. 1888ರಲ್ಲಿ ಫ್ರಾನ್ಸಿಸ್ ಎಡ್ಜ್‌ವರ್ತ್ ಎಂಬ ಐರಿಶ್ ಅರ್ಥಶಾಸ್ತ್ರಜ್ಞ, ಠೇವಣಿ ಇಟ್ಟವರು ಹಣ ವಾಪಸ್ ಕೇಳಿದಾಗ ಕೊಡಲು ಬ್ಯಾಂಕು ಎಷ್ಟು ನಗದು ಇಟ್ಟುಕೊಂಡಿರಬೇಕು ಅಂತ ಸಂಭವನೀಯತೆಯ ಗಣಿತ ಬಳಸಿ ಬರೆದರು. ಸುಮ್ಮನೆ ಕೂತ ನಗದಿಗೆ ಬಡ್ಡಿ ಬರುವುದಿಲ್ಲ. ನಗದು ಸಾಲದಿದ್ದರೆ ಬ್ಯಾಂಕೇ ಮುಳುಗಬಹುದು. 1951ರಲ್ಲಿ ಕೆನೆತ್ ಆರೋ, ಥಿಯೊಡರ್ ಹ್ಯಾರಿಸ್ ಮತ್ತು ಜೇಕಬ್ ಮಾರ್ಷಕ್ ಸೇರಿ ದಾಸ್ತಾನಿನ ಗಣಿತಕ್ಕೆ ಗಟ್ಟಿಯಾದ ಬುನಾದಿ ಹಾಕಿದರು. ಪಠ್ಯಗಳಲ್ಲಿ ಇದಕ್ಕೆ ಪತ್ರಿಕೆ ಮಾರುವವನ ಸಮಸ್ಯೆ ಅನ್ನುವ ಹೆಸರು ನಿಂತಿದೆ. ಇವತ್ತಿನ ಪೇಪರ್ ನಾಳೆ ರದ್ದಿ ತಾನೆ?

ನಮ್ಮ ಮದುವೆ ಊಟಕ್ಕೆ ಈ ಸೂತ್ರ ಹಾಕಿ ನೋಡಿದರೆ ಒಂದು ವಿಷಯ ತಿಳಿಯಾಗುತ್ತದೆ. ಅಡುಗೆಯವರು ಮೊದಲು ಕೇಳುವುದೇ "ಎಷ್ಟು ಎಲೆ?" ಅಂತ. ಹೆಣ್ಣಿನ ಮನೆಯವರು ಯಾವಾಗಲೂ ಹೆಚ್ಚಿಗೆ ಹೇಳುತ್ತಾರೆ, ಆಮೇಲೆ ಅನ್ನ ಸಾರು ಉಳಿಯುತ್ತದೆ, ಎಲ್ಲರೂ ಬೈಯುತ್ತಾರೆ. ಆದರೆ ಅವರ ಲೆಕ್ಕ ತಪ್ಪಲ್ಲ. ಒಂದು ಎಲೆಗೆ 300 ರೂಪಾಯಿ ಅಂದುಕೊಳ್ಳಿ. ಬಂದ ನೆಂಟರಿಗೆ ಊಟ ಇಲ್ಲ ಅನ್ನಿಸಿಕೊಳ್ಳುವ ಅವಮಾನವನ್ನು ಅದರ ಹತ್ತರಷ್ಟು ಅಂತ ಇಟ್ಟರೂ ಉತ್ತರ 91 ಶೇಕಡಾ ಬರುತ್ತದೆ. ಆ ಅವಮಾನ ಮನೆಯವರ ಮನಸ್ಸಿನಲ್ಲಿ ಇನ್ನೂ ದೊಡ್ಡದೇ ಇರುತ್ತದೆ. ಹಾಗಿರುವಾಗ "ಅನ್ನ ಚೆಲ್ಲಬೇಡಿ" ಅಂತ ಉಪದೇಶ ಮಾಡಿ ಪ್ರಯೋಜನ ಕಡಿಮೆ. ಒಳ್ಳೆ ಅಡುಗೆಯವರು ಬೇರೆ ದಾರಿ ಹಿಡಿಯುತ್ತಾರೆ. ತರಕಾರಿ ಹೆಚ್ಚಿ ಇಟ್ಟಿರುತ್ತಾರೆ, ಅಕ್ಕಿ ತೊಳೆದು ಇಟ್ಟಿರುತ್ತಾರೆ. ಮೊದಲ ಪಂಕ್ತಿಗೆ ಎಷ್ಟು ಜನ ಕೂತರು ಅಂತ ನೋಡಿಕೊಂಡು ಮುಂದಿನ ಹಂಡೆಗೆ ಅಕ್ಕಿ ಹಾಕುತ್ತಾರೆ. ನನಗೆ ಇದು ಯಾವ ಮ್ಯಾನೇಜ್‌ಮೆಂಟ್ ಪಾಠಕ್ಕೂ ಕಮ್ಮಿಯಿಲ್ಲದ ಜಾಣತನ ಅನ್ನಿಸುತ್ತದೆ.

ಸೂತ್ರ ಇಷ್ಟು ಸರಳ ಇದ್ದರೂ ಮನುಷ್ಯರ ಮನಸ್ಸು ಅದಕ್ಕೆ ಒಗ್ಗುವುದಿಲ್ಲ. ಮಾರಿಸ್ ಶ್ವೈಟ್ಜರ್ ಮತ್ತು ಜೆರಾರ್ಡ್ ಕಶಾನ್ 2000ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಬೇಡಿಕೆ 1ರಿಂದ 300ರ ಒಳಗೆ ಯಾವುದಾದರೂ ಆಗಬಹುದು ಅಂತ ಭಾಗವಹಿಸಿದವರಿಗೆ ಮೊದಲೇ ಹೇಳಿದ್ದರು. ಮಾರುವ ಬೆಲೆ 12. ಒಂದು ಸರಕಿಗೆ ಅಸಲು 3, ಇನ್ನೊಂದಕ್ಕೆ 9. ಮೊದಲನೆಯದಕ್ಕೆ 225 ತರಿಸಬೇಕು, ಎರಡನೆಯದಕ್ಕೆ 75. ಆದರೆ ಅವರ ಆರ್ಡರ್‌ಗಳು ಎರಡೂ ಕಡೆ ನಡುವಿನ 150ರ ಕಡೆಗೆ ಜಗ್ಗಿದವು. ಲಾಭ ಜಾಸ್ತಿ ಇರುವ ಸರಕನ್ನು ಕಮ್ಮಿ ತರಿಸಿದರು, ಲಾಭ ಕಮ್ಮಿ ಇರುವುದನ್ನು ಜಾಸ್ತಿ ತರಿಸಿದರು. ಜೊತೆಗೆ ಹೋದ ಸಲ ಎಷ್ಟು ಹೋಯಿತೋ ಅದರ ಹಿಂದೆ ಓಡುವ ಚಾಳಿ ಬೇರೆ. ನೆನ್ನೆ ಉಳಿಯಿತು ಅಂತ ಇವತ್ತು ಕಮ್ಮಿ, ಇವತ್ತು ಸಾಲಲಿಲ್ಲ ಅಂತ ನಾಳೆ ಜಾಸ್ತಿ. ಅಂಗಡಿ ಇಟ್ಟವರಿಗೆ ಇದು ಹೊಸ ವಿಷಯ ಏನಲ್ಲ. ಖಾರಾ ಬನ್ ಲೆಕ್ಕದಲ್ಲಿ 70 ಮಾಡಿದರೆ ಐದರಲ್ಲಿ ಮೂರು ದಿನ ಏನಾದರೂ ಉಳಿದೇ ಉಳಿಯುತ್ತದೆ. ಉಳಿದ ಟ್ರೇ ಕಣ್ಣಿಗೆ ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ವಾಪಸ್ ಹೋದ ಗಿರಾಕಿ ಕಾಣುವುದಿಲ್ಲ.

ಆ ಕಾಣದ ಗಿರಾಕಿಯ ವಿಷಯಕ್ಕೆ ಬರೋಣ. ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬಿಲ್ ಪುಸ್ತಕದಲ್ಲಿ ಇರುವುದು ಮಾರಾಟದ ಲೆಕ್ಕ, ಬೇಡಿಕೆಯ ಲೆಕ್ಕ ಅಲ್ಲ. 60 ಬನ್ ಮಾಡಿದ ಅಂಗಡಿಯ ಪುಸ್ತಕದಲ್ಲಿ 61 ಅಂತ ಯಾವತ್ತೂ ಬರುವುದಿಲ್ಲ. 80 ಜನ ಕೇಳಿದ ದಿನವೂ 60 ಅಂತಲೇ ಬರೆದಿರುತ್ತದೆ. ತಿಂಗಳ ಕೊನೆಗೆ ಸರಾಸರಿ ತೆಗೆದರೆ 54 ಬರುತ್ತದೆ. "ಓಹೋ, 60 ಜಾಸ್ತಿ ಆಯ್ತು" ಅಂತ ಮಾಲೀಕರು 54ಕ್ಕೆ ಇಳಿಸುತ್ತಾರೆ. ಆಗ ಮಾರಾಟದ ಸರಾಸರಿ 54ಕ್ಕಿಂತಲೂ ಕೆಳಗೆ ಬರುತ್ತದೆ. ಮತ್ತೆ ಇಳಿಸುತ್ತಾರೆ. ಅಂಗಡಿ ಹೀಗೆ ತನ್ನ ಲೆಕ್ಕವನ್ನೇ ನಂಬಿ ಕುಗ್ಗುತ್ತಾ ಹೋಗುತ್ತದೆ. ಬರಬೇಕಾದವರೂ "ಅಲ್ಲಿ ಸಾಯಂಕಾಲ ಏನೂ ಸಿಗಲ್ಲ" ಅಂತ ಬೇರೆ ಕಡೆ ರೂಢಿ ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್ ಬಿಲ್ಲಿಂಗ್ ಇರುವ ದೊಡ್ಡ ಅಂಗಡಿಗಳಿಗೂ ಇದೇ ಗಂಡಾಂತರ ಇದೆ. ಯಾಕಂದರೆ ಸಾಫ್ಟ್‌ವೇರ್‌ಗೂ ಬಿಲ್ ಆದದ್ದಷ್ಟೇ ಗೊತ್ತು.

ಇದಕ್ಕೆ ಮದ್ದು ಅಗ್ಗದ್ದು. ಎಷ್ಟು ಮಾರಿತು ಅನ್ನುವುದರ ಪಕ್ಕದಲ್ಲಿ, ಎಷ್ಟು ಗಂಟೆಗೆ ಖಾಲಿಯಾಯಿತು ಅಂತ ಬರೆಯಬೇಕು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ಅಂಗಡಿಯಲ್ಲಿ ಬನ್ ಎಂಟೂವರೆಗೆ ಮುಗಿಯುವುದು ಬೇರೆ, ಆರಕ್ಕೆ ಮುಗಿಯುವುದು ಬೇರೆ. ಸಾಕಷ್ಟು ಮಾಲು ಇದ್ದ ದಿನಗಳಲ್ಲಿ ಆರರ ನಂತರ ಎಷ್ಟು ಹೋಗಿತ್ತು ಅಂತ ನೋಡಿದರೆ, ಖಾಲಿಯಾದ ದಿನ ಎಷ್ಟು ತಪ್ಪಿಹೋಯಿತು ಅಂತ ಹತ್ತಿರದ ಅಂದಾಜು ಸಿಗುತ್ತದೆ. ಕೌಂಟರಿನಲ್ಲಿ ನಿಂತವರು "ಇಲ್ಲ" ಅಂದಾಗಲೆಲ್ಲ ಒಂದು ಗೀಟು ಎಳೆದರೆ ಇನ್ನೂ ಒಳ್ಳೆಯದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಲೆಕ್ಕವನ್ನು ಮಾತ್ರ ಮಾಮೂಲಿ ದಿನಗಳ ಜೊತೆ ಬೆರೆಸಬಾರದು. ಆ ದಿನ ಬರುವ ಗಿರಾಕಿಗಳೇ ಬೇರೆ, ಹೂವಿನ ಬೆಲೆಯೇ ಬೇರೆ.

ವಿಮಾನದ ಸೀಟಿಗೂ ಇದೇ ತರ್ಕ. ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲಿ ಒಂದು ನಿಯಮ ಮುಂದಿಟ್ಟರು. ಅಗ್ಗದ ಟಿಕೆಟ್ 3000, ಪೂರ್ತಿ ದರದ್ದು 9000 ಅಂತಿದ್ದರೆ, ಒಂದು ಸೀಟಿಗೆ ಪೂರ್ತಿ ದರ ಕೊಡುವವರು ಸಿಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಇರುವವರೆಗೂ ಅದನ್ನು ಅಗ್ಗಕ್ಕೆ ಬಿಡಬೇಡಿ ಅಂತ. ಇವತ್ತು ವಿಮಾನದ ಟಿಕೆಟ್ ಬೆಲೆ ಹೇಗೆ ಹೇಗೋ ಕುಣಿಯುವುದರ ಬೇರು ಅಲ್ಲಿದೆ.

ಲೆಕ್ಕವನ್ನು ಸರಿಯಾಗಿ ಮಾಡುವುದಕ್ಕಿಂತ ಹೆಚ್ಚಿನ ಲಾಭ ಕೆಲವೊಮ್ಮೆ ತೀರ್ಮಾನವನ್ನೇ ಮುಂದಕ್ಕೆ ಹಾಕುವುದರಲ್ಲಿದೆ. ಇಟಲಿಯ ಬೆನೆಟ್ಟನ್ ಕಂಪನಿ 1970ರ ದಶಕದಲ್ಲಿ ಮಾಡಿದ್ದು ಅದನ್ನೇ. ಮೊದಲು ನೂಲಿಗೆ ಬಣ್ಣ ಹಾಕಿ ಆಮೇಲೆ ಸ್ವೆಟರ್ ಹೆಣೆಯುವುದು ವಾಡಿಕೆ. ಅವರು ಬಣ್ಣ ಹಾಕದೆ ಹೆಣೆದು ಇಟ್ಟುಕೊಂಡು, ಯಾವ ಬಣ್ಣ ಓಡುತ್ತಿದೆ ಅಂತ ಗೊತ್ತಾದ ಮೇಲೆ ಬಣ್ಣಕ್ಕೆ ಅದ್ದುವ ಪದ್ಧತಿ ತಂದರು. ಒಟ್ಟು ಎಷ್ಟು ಸ್ವೆಟರ್ ಹೋಗುತ್ತವೆ ಅಂತ ಹೇಳುವುದು ಸುಲಭ, ಎಷ್ಟು ಕೆಂಪು ಎಷ್ಟು ನೀಲಿ ಅಂತ ಹೇಳುವುದು ಕಷ್ಟ. ನಮ್ಮ ಹೋಟೆಲುಗಳಲ್ಲಿ ದೋಸೆ ಹಿಟ್ಟು ಹೀಗೇ ಕೆಲಸ ಮಾಡುತ್ತದೆ. ಸಾದಾ, ಮಸಾಲೆ, ಈರುಳ್ಳಿ, ಯಾವುದು ಅಂತ ಕಾವಲಿಯ ಮೇಲೆ ತೀರ್ಮಾನವಾಗುತ್ತದೆ. ಉದ್ದಿನ ವಡೆಯ ಹಿಟ್ಟಿಗೆ ಆ ಅನುಕೂಲ ಇಲ್ಲ.

ಹಳೆ ಲೆಕ್ಕವೇ ಇಲ್ಲದ ಹೊಸ ಸರಕಾದರೆ? ಅಮೆರಿಕದ ಆಸ್ಪೆನ್‌ನಲ್ಲಿರುವ ಸ್ಪೋರ್ಟ್ ಓಬರ್‌ಮೆಯರ್ ಎಂಬ ಸ್ಕೀ ಉಡುಪಿನ ಕಂಪನಿಯ ಅನುಭವ 1994ರಲ್ಲಿ ಪ್ರಕಟವಾಯಿತು. ಚಳಿಗಾಲದ ಜಾಕೆಟ್ ವರ್ಷ ವರ್ಷ ಬದಲಾಗುತ್ತದೆ. ಹೋದ ವರ್ಷದ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಮೊದಲು ಅವರ ಸಮಿತಿ ಒಟ್ಟಿಗೆ ಕೂತು ಮಾತಾಡಿ ಒಂದೇ ಸಂಖ್ಯೆಗೆ ಒಪ್ಪುತ್ತಿತ್ತು. ಆಮೇಲೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ತಮ್ಮ ಅಂದಾಜು ಬರೆದು ಕೊಡುವ ಹಾಗೆ ಮಾಡಿದರು. ಎಲ್ಲರ ಅಂಕಿ ಹತ್ತಿರ ಹತ್ತಿರ ಬಂದ ಜಾಕೆಟ್‌ಗಳಲ್ಲಿ ಅಂದಾಜು ಹೆಚ್ಚುಕಮ್ಮಿ ನಿಜವಾಗುತ್ತಿತ್ತು. ಒಬ್ಬರು ಒಂದು ಹೇಳಿ ಇನ್ನೊಬ್ಬರು ಅದರ ಮೂರು ಪಟ್ಟು ಹೇಳಿದ ಕಡೆ ಅಂದಾಜು ದಾರಿ ತಪ್ಪುತ್ತಿತ್ತು. ಒಂದೇ ಕೋಣೆಯಲ್ಲಿ ಕೂತಾಗ ಈ ವ್ಯತ್ಯಾಸವೇ ಅಳಿಸಿಹೋಗುತ್ತಿತ್ತು. ಹಿರಿಯರು ಏನೋ ಅಂದರು, ಉಳಿದವರು ತಲೆ ಆಡಿಸಿದರು, ಅಷ್ಟೇ.

ಆ ವ್ಯತ್ಯಾಸ ಕೈಗೆ ಸಿಕ್ಕ ಮೇಲೆ ಕಾರ್ಖಾನೆಯ ಕೆಲಸ ಹಂಚುವುದು ಸುಲಭವಾಯಿತು. ಅಂಕಿಗಳು ಕೂಡಿಬಂದ ಜಾಕೆಟ್‌ಗಳನ್ನು ಮೊದಲೇ ಹೊಲಿಸಲು ಶುರು ಮಾಡಿದರು. ಅಂಕಿಗಳು ಜಗಳವಾಡಿದ ಜಾಕೆಟ್‌ಗಳನ್ನು ಅಂಗಡಿಯವರ ಮೊದಲ ಆರ್ಡರ್‌ಗಳು ಬರುವವರೆಗೆ ತಡೆದರು. ಆ ಆರ್ಡರ್ ಬೇಗ ಸಿಗಲಿ ಅಂತ ಕೆಲವು ದೊಡ್ಡ ಅಂಗಡಿಯವರನ್ನು ಮುಂಚಿತವಾಗಿ ಆಸ್ಪೆನ್‌ಗೇ ಕರೆಸಿ ಮಾದರಿಗಳನ್ನು ತೋರಿಸಿದರು. ಹೊಸ ತಿಂಡಿ ಶುರು ಮಾಡುವ ಬೇಕರಿಯವರೂ ಇದನ್ನು ಖರ್ಚಿಲ್ಲದೆ ಮಾಡಬಹುದು. ಭಟ್ಟಿಯ ಹತ್ತಿರ ಇರುವವರು, ಕೌಂಟರಿನವರು, ಮನೆಯವರು, ಲೈನ್ ಸೇಲ್‌ಗೆ ಹೋಗುವವರು, ನಾಲ್ಕು ಜನರ ಕೈಗೂ ಒಂದೊಂದು ಚೀಟಿ ಕೊಟ್ಟು, ಒಬ್ಬರ ಚೀಟಿ ಇನ್ನೊಬ್ಬರು ನೋಡದ ಹಾಗೆ, ದಿನಕ್ಕೆ ಎಷ್ಟು ಹೋಗಬಹುದು ಅಂತ ಬರೆಸಿ. ನಾಲ್ಕೂ ಒಂದೇ ಕಡೆ ಬಂದರೆ ಟ್ರೇ ತುಂಬಿಸಿ. ಬರದಿದ್ದರೆ ಮೊದಲ ವಾರ ಸಣ್ಣ ಸಣ್ಣ ಬ್ಯಾಚ್ ಹಾಕಿ, ಎಷ್ಟು ಗಂಟೆಗೆ ಖಾಲಿಯಾಯಿತು ಅಂತ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಹೋಗಿ.