ಷಟ್ಪದಿಯ ಗುರುವಿನಿಂದ ಫ್ರೆಂಚ್ ಲಯಕ್ಕೆ

ಕಲಬುರಗಿಯ ಪ್ರೌಢಶಾಲೆಯ ಮಕ್ಕಳಿಗೆ ಫ್ರೆಂಚ್ ಉಚ್ಚಾರಣೆಯನ್ನು ಕಲಿಸುವಾಗ ನಾನು ಲಯದಿಂದ ಆರಂಭಿಸುತ್ತೇನೆ. ಒಂದೆರಡು ಧ್ವನಿ ತಪ್ಪಿದರೂ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಪದಪದವನ್ನೂ ಬಿಡಿಸಿ, ಪ್ರತಿಯೊಂದರ ಮೊದಲಕ್ಷರವನ್ನು ಒತ್ತಿ ಹೇಳಿದರೆ ಧ್ವನಿಗಳೆಲ್ಲ ಸರಿಯಿದ್ದರೂ ವಾಕ್ಯ ಅವರ ಕಿವಿಗೆ ಹಿಡಿಯುವುದಿಲ್ಲ.

ಫ್ರೆಂಚಿನಲ್ಲಿ ಒತ್ತು ಸೇರಿರುವುದು ಪದಗುಚ್ಛಕ್ಕೆ. ಗುಚ್ಛದ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಸಾಗಿ, ಕೊನೆಯದು ಮಾತ್ರ ಹಿಗ್ಗುತ್ತದೆ. 'ನನ್ನ ಗೆಳೆಯ' ಎಂಬರ್ಥದ 'ಮೊನಮಿ'ಯಲ್ಲಿ 'ಮಿ' ಹಿಗ್ಗುತ್ತದೆ. ಗೆಳೆಯನ ಹೆಸರೂ ಸೇರಿ 'ಮೊನಮಿ ಪೊಲ್' ಆದೊಡನೆ 'ಮಿ' ಮೊಟಕಾಗಿ 'ಪೊಲ್' ಹಿಗ್ಗುತ್ತದೆ. ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುವ ಭಾಷೆಯ ಮಕ್ಕಳಿಗೆ ಇದು ವಿಚಿತ್ರವೆನಿಸುವುದು ಸಹಜ. ಆದರೆ ಇದೇ ಮಕ್ಕಳು ಕನ್ನಡ ತರಗತಿಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ 3 ಮತ್ತು 6ನೆಯ ಸಾಲುಗಳ ಕೊನೆಯಕ್ಷರ ಲಘುವಾಗಿದ್ದರೂ ಅದನ್ನು ಗುರುವೆಂದೇ ಎಣಿಸುತ್ತಾರೆ. ನಿಂತ ಜಾಗದಿಂದಲೇ ಅಕ್ಷರವೊಂದು ಗುರುವಾಗಬಹುದೆಂಬ ಆ ತಿಳಿವಳಿಕೆ ಫ್ರೆಂಚ್ ಶಿಕ್ಷಕರಿಗೆ ದೊಡ್ಡ ಆಸ್ತಿ. ಹಾಗಾಗಿ ಫ್ರೆಂಚ್ ವಾಕ್ಯವನ್ನು ಹಲಗೆಯ ಮೇಲೆ ಲಘು, ಗುರು ಚಿಹ್ನೆಗಳಲ್ಲೇ ಬರೆದು, 'ತ ತ ತಾ, ತ ತ ತ ತ ತಾ' ಎಂದು ಚಪ್ಪಾಳೆಯೊಡನೆ ಹೇಳಿಸಿದ ಮೇಲಷ್ಟೇ ಪದಗಳನ್ನು ಕೊಡುತ್ತೇನೆ: 'ಮೊನಮಿ, ಅರಿವಮಿದಿ', ಅಂದರೆ ನನ್ನ ಗೆಳೆಯ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾನೆ. ಮೊದಲ ಗುಚ್ಛದ ಕೊನೆಯಲ್ಲಿ ದನಿ ಏರಬೇಕು, ಎರಡನೆಯದರ ಕೊನೆಯಲ್ಲಿ ಇಳಿಯಬೇಕು.

ಪ್ರಶ್ನೆಯ ದನಿಗೆ ಇನ್ನೂ ಹೆಚ್ಚು ಅಭ್ಯಾಸ ಬೇಕು. ನಮ್ಮ ಭಾಗದ ಮಗು 'ಅವ ಹಾನ' (ಅವನಿದ್ದಾನೆ) ಎಂಬುದನ್ನು 'ಅವ ಹಾನೇನು' ಎಂದು ಪ್ರಶ್ನೆಯಾಗಿಸುತ್ತದೆ. ಕೇಳುವ ಕೆಲಸವನ್ನು 'ಏನು' ಮಾಡುವುದರಿಂದ ದನಿಯ ಮೇಲೆ ಭಾರ ಬೀಳುವುದಿಲ್ಲ. ಆಡುಮಾತಿನ ಫ್ರೆಂಚಿನಲ್ಲಿ ಅದೇ ಅರ್ಥದ 'ಇಲೆಲ' ಎಂಬುದೇ ಉತ್ತರವೂ ಹೌದು, ಕೊನೆಯಲ್ಲಿ ದನಿ ಏರಿಸಿದರೆ ಪ್ರಶ್ನೆಯೂ ಹೌದು. ಇದನ್ನು ಒಬ್ಬರು ತುಟಿ ಮುಚ್ಚಿ ಗುನುಗಿ, ಪ್ರಶ್ನೆಯೋ ಉತ್ತರವೋ ಎಂದು ಇನ್ನೊಬ್ಬರು ಹೇಳುವಂತೆ ಜೋಡಿಯಾಗಿ ಮಾಡಿಸುತ್ತೇನೆ.

ಧ್ವನಿಗಳ ಸರದಿ ಆಮೇಲಿನದು, ಅಲ್ಲಿ ಇಂಗ್ಲಿಷಿನ ದಾರಿ ಹಿಡಿಯದಿರುವುದೇ ಲೇಸು. ಫ್ರೆಂಚಿನ 'ತ' ಹಲ್ಲಿಗೆ ತಾಗುವ ನಮ್ಮ 'ತ'ವೇ. ಗಂಟಲಿನ 'ರ'ಕಾರಕ್ಕೆ, ದಖನಿ ಉರ್ದು ಮಾತಾಡುವ ಮಕ್ಕಳು 'ಗರೀಬ್' ಎನ್ನುವಾಗ ಮೊದಲಿಗೆ ನುಡಿಯುವ, ಉರ್ದುವಿನಲ್ಲಿ ಗೈನ್ ಎನ್ನುವ ಧ್ವನಿ ಬಹಳ ಹತ್ತಿರ. ಅದನ್ನು ಕೊಂಚ ಹಗುರಗೊಳಿಸಿದರೆ ಸಾಕು, ಪಕ್ಕದಲ್ಲಿ ಕುಳಿತ ಕನ್ನಡದ ಮಕ್ಕಳೂ ಕೇಳಿ ಕಲಿಯುತ್ತಾರೆ. ಅನುನಾಸಿಕ ಸ್ವರಗಳಿಗೂ ದಖನಿಯ 'ಹಾಂ' ನೆರವಾಗುತ್ತದೆ, ಕನ್ನಡದ ಅನುಸ್ವಾರ ಆಗುವುದಿಲ್ಲ: 'ಬಾಂಬು' ಎನ್ನುವಾಗ ನಡುವೆ ತುಟಿ ಮುಚ್ಚುತ್ತದೆ, ಫ್ರೆಂಚಿನ 'ಬೊಂ' ಮುಗಿಯುವವರೆಗೂ ತುಟಿ ತೆರೆದೇ ಇರಬೇಕು.